ಜಗಲಿಯ ಮಾತು: ಮೃತ್ಯುವಿನ ಎಲೆ, ಸಂಶಯದ ಎಲೆ



ಮದ್ದೂರು ಮಳವಳ್ಳಿಗಳ ನಡುವಣ ಗ್ರಾಮವೊಂದರಲ್ಲಿ ನನ್ನ ಬಾಲ್ಯಸ್ನೇಹಿತರೊಬ್ಬರು ಬೇಸಾಯ ಮಾಡಿಕೊಂಡಿದ್ದಾರೆ. ನಾಲೆಯ ನೀರಿನ ಗದ್ದೆ, ಸ್ವಲ್ಪ ಕಬ್ಬು, ತಂದೆಯ ಕಾಲದಿಂದ ಬಂದ ಒಂದು ಆಲೆಮನೆ, ಇಷ್ಟು ಅವರ ಆಸ್ತಿ. ಹಿಂದಿನ ತಿಂಗಳು ಅವರಲ್ಲಿಗೆ ಊಟಕ್ಕೆ ಹೋಗಿದ್ದೆನು. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮೊಮ್ಮಗಳು ರಜಕ್ಕೆ ಬಂದಿದ್ದಳು. ನಾವು ತಾಂಬೂಲ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದಾಗ ಆಕೆ ಇಸ್ಪೀಟಿನಂತಹ ಒಂದು ಕಟ್ಟನ್ನು ತಂದು, "ತಾತ, ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಎರಡು ಎಲೆ ತೆಗೆಯಿರಿ" ಎಂದಳು. ಸ್ನೇಹಿತರು ನಗುತ್ತಾ ತೆಗೆದರು. ಮೊದಲನೆಯದರಲ್ಲಿ ಬಿಳಿಯ ಕುದುರೆಯನ್ನೇರಿದ ಅಸ್ಥಿಪಂಜರ. ಎರಡನೆಯದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿಗಳನ್ನು ಹಿಡಿದು ಕುಳಿತ ಸ್ತ್ರೀ. ಒಳಗಿನಿಂದ ಬಂದ ಮನೆಯಾಕೆ ಮೊದಲನೆಯ ಚಿತ್ರವನ್ನು ಕಂಡೊಡನೆ, "ಇದೇನು ಅನಿಷ್ಟ! ಎತ್ತಿಡೇ ಮೊದಲು" ಎಂದು ಗದರಿದರು. ಸ್ನೇಹಿತರ ಮುಖವೂ ಕಳೆಗುಂದಿತು. ಹುಡುಗಿ ದಿಕ್ಕು ತೋಚದೆ, "ಮೇಷ್ಟ್ರೇ, ನೀವಾದರೂ ಹೇಳಿ" ಎಂದಳು.

ಈ ಎಲೆಗಳಿಗೆ ಟ್ಯಾರೋ ಎಂದು ಹೆಸರು. ಒಟ್ಟು ೭೮ ಎಲೆಗಳು. ಅವುಗಳಲ್ಲಿ ೨೨ ಪ್ರಧಾನ, ಉಳಿದ ೫೬ ಸಾಮಾನ್ಯ. ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಇವು ಹುಟ್ಟಿದುದು ಕೇವಲ ಆಟಕ್ಕಾಗಿ. ಇವುಗಳಿಂದ ಭವಿಷ್ಯ ಹೇಳುವ ಪದ್ಧತಿಯು ಹರಡಿದುದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಫ್ರಾನ್ಸ್ ದೇಶದಲ್ಲಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಚಿತ್ರಗಳನ್ನು ಆರ್ಥರ್ ಎಡ್ವರ್ಡ್ ವೇಯ್ಟ್ ಎಂಬಾತನ ಸೂಚನೆಯ ಮೇರೆಗೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಗಾರ್ತಿಯು ಬರೆದಳು. ಅವು ೧೯೦೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. ನಮ್ಮ ಮೈಸೂರಿನಲ್ಲಿಯೂ ಮುಮ್ಮಡಿ ಕೃಷ್ಣರಾಜ ಒಡೆಯರು ದೇವತೆಗಳ ಚಿತ್ರವುಳ್ಳ ಗಂಜೀಫಾ ಎಲೆಗಳ ಹೊಸ ಆಟಗಳನ್ನು ಕಲ್ಪಿಸಿ, ಅವನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ವರ್ಣಿಸಿದರು. ಆಟದ ಎಲೆಯು ಆಟದ ಎಲೆಯೇ. ಅದಕ್ಕೆ ನಾಳೆಯ ಸಂಗತಿ ತಿಳಿಯದು.

ಆದರೂ ಜನರು ಕೇಳುತ್ತಾರೆ. ನನ್ನ ಬಾಲ್ಯದಲ್ಲಿ ಸಂತೆಯ ದಿನ ಗಿಳಿಶಾಸ್ತ್ರದವನು ಮರದ ಕೆಳಗೆ ಕುಳಿತಿರುತ್ತಿದ್ದನು. ಗಿಳಿಯು ಪಂಜರದಿಂದ ಹೊರಕ್ಕೆ ಬಂದು, ಕೊಕ್ಕಿನಿಂದ ಒಂದು ಚೀಟಿಯನ್ನು ಎಳೆದು, ಒಂದು ಕಾಳು ತಿಂದು ಒಳಕ್ಕೆ ಹೋಗುವುದು. ಗಿಳಿಯನ್ನು ಹೀಗೆ ಸೆರೆಯಲ್ಲಿಡುವುದು ಈಗ ಕಾಯಿದೆಗೆ ವಿರುದ್ಧ. ಇನ್ನು ದೇವರ ಮುಂದೆ ಹೂ ಕೇಳುವ ಪದ್ಧತಿ ನಮ್ಮ ಸೀಮೆಯಲ್ಲಿ ಇಂದಿಗೂ ಉಂಟು. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಇವರೆಲ್ಲರಿಗೂ ಬೇಕಾದುದು ಭವಿಷ್ಯವಲ್ಲ. ತಾವು ಎತ್ತಲಾರದ ಹೊರೆಯನ್ನು ಇನ್ನೊಬ್ಬರು ಎತ್ತಿಕೊಡಲಿ ಎಂಬುದೇ ಅವರ ಆಸೆ.

ಸರಿ, ನಾನು ಆ ಎಲೆಗಳನ್ನು ಕೈಗೆ ತೆಗೆದುಕೊಂಡು ಪಾಠ ಹೇಳುವವನಂತೆ ನೋಡಿದೆನು.

ಮೃತ್ಯುವಿನ ಎಲೆಯ ಸಂಖ್ಯೆ ಹದಿಮೂರು. ಪ್ರಧಾನ ಎಲೆಗಳಿಗೆ ಸೊನ್ನೆಯಿಂದ ಇಪ್ಪತ್ತೊಂದರವರೆಗೆ ಸಂಖ್ಯೆಯಿರುವುದರಿಂದ, ಇದರ ತರುವಾಯ ಇನ್ನೂ ಎಂಟು ಎಲೆಗಳಿವೆ. ಎಂದಮೇಲೆ ಆಟ ಕಟ್ಟಿದವರೇ ಇದನ್ನು ಕಡೆಯದೆಂದು ಎಣಿಸಲಿಲ್ಲ. ಕುದುರೆಯ ಕಾಲಬಳಿ ರಾಜನು ಬಿದ್ದಿದ್ದಾನೆ, ಧರ್ಮಗುರುವು ಕೈಜೋಡಿಸಿದ್ದಾನೆ, ತರುಣಿಯೊಬ್ಬಳು ಮುಖ ತಿರುಗಿಸಿಕೊಂಡಿದ್ದಾಳೆ, ಒಂದು ಮಗು ಮಾತ್ರ ಮುಖವೆತ್ತಿ ನೋಡುತ್ತಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಆ ಮಗುವನ್ನು ನೋಡಿ ನನಗೆ ಕಠೋಪನಿಷತ್ತಿನ ನಚಿಕೇತನ ನೆನಪಾಯಿತು. ಆ ಬಾಲಕನು ಯಮನ ಮನೆಗೆ ಹೋಗಿ, ಯಮನು ಇಲ್ಲದ ಕಾರಣ ಮೂರು ರಾತ್ರಿ ಕಾದಿದ್ದು, ಮೂರು ವರಗಳನ್ನು ಪಡೆದನು. ಅಲ್ಲಿ ಯಮನು ಹೇಳಿದ ಮುಖ್ಯವಾದ ಉಪದೇಶವಾದರೂ ಏನು? ಶ್ರೇಯಸ್ಸು ಪ್ರೇಯಸ್ಸು ಎಂಬ ಎರಡು ದಾರಿಗಳು ಪ್ರತಿಯೊಬ್ಬನ ಎದುರಿಗೂ ಬರುತ್ತವೆ. ವಿವೇಕಿಯು ಎರಡನ್ನೂ ನೋಡಿ ಒಂದನ್ನು ಆರಿಸಿಕೊಳ್ಳುತ್ತಾನೆ ಎಂಬುದು. ಮೃತ್ಯುವಿನ ಮನೆಯಲ್ಲಿಯೇ ಆಯ್ಕೆಯ ಪಾಠವಾಯಿತು. ಈ ಎರಡು ಎಲೆಗಳು ಒಟ್ಟಿಗೆ ಬಿದ್ದುದರಲ್ಲಿ ಅನಿಷ್ಟವೇನೂ ನನಗೆ ಕಾಣಲಿಲ್ಲ.

ಎರಡನೆಯದು ಎರಡು ಕತ್ತಿಗಳ ಎಲೆ. ಸ್ತ್ರೀಯ ಹಿಂದೆ ಸಮುದ್ರ, ಬಂಡೆಗಳು, ಮೇಲೆ ಚಂದ್ರರೇಖೆ. ಅವಳ ಎರಡು ಕೈಗಳಲ್ಲಿಯೂ ಕತ್ತಿಗಳಿರುವುದರಿಂದ ಕಣ್ಣಿನ ಬಟ್ಟೆಯನ್ನು ಬಿಚ್ಚಲು ಕೈ ಬಿಡುವಿಲ್ಲ. ಬಿಚ್ಚಬೇಕಾದರೆ ಒಂದು ಕತ್ತಿಯನ್ನಾದರೂ ಕೆಳಗಿಡಬೇಕು. ಎರಡನ್ನೂ ಬಿಡಲಾರೆನೆಂಬಷ್ಟು ಕಾಲವೂ ಅವಳು ಕುರುಡಿಯೇ.

ಗೌತಮನ ನ್ಯಾಯಶಾಸ್ತ್ರದಲ್ಲಿ ಹೇಳಿರುವ ೧೬ ಪದಾರ್ಥಗಳಲ್ಲಿ ಸಂಶಯವು ಮೂರನೆಯದು, ನಿರ್ಣಯವು ಒಂಬತ್ತನೆಯದು. ಮಬ್ಬು ಬೆಳಕಿನಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬುದು ಸಂಶಯಕ್ಕೆ ಪ್ರಸಿದ್ಧವಾದ ದೃಷ್ಟಾಂತ. ಸಂಶಯಪಡುವುದು ದೋಷವಲ್ಲ, ವಿಚಾರಕ್ಕೆ ಅದೇ ಬಾಗಿಲು. ನಾಲ್ಕು ಹೆಜ್ಜೆ ಹತ್ತಿರ ಹೋಗಿ ನೋಡದೆ ಬಾಗಿಲಲ್ಲಿಯೇ ಹಾಸಿಗೆ ಹಾಸುವುದು ದೋಷ.

ಇಷ್ಟನ್ನು ಹೇಳಿ, "ನಿಮ್ಮ ಪ್ರಶ್ನೆ ಯಾವುದು?" ಎಂದು ಸ್ನೇಹಿತರನ್ನು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಲೆಮನೆಯದು" ಎಂದರು.

ಮಂಡ್ಯದಲ್ಲಿ ೧೯೩೩ರಲ್ಲಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದ ಮೇಲೆಯೂ ನಮ್ಮ ಕಡೆಯ ಆಲೆಮನೆಗಳು ಉಳಿದುಕೊಂಡುವು. ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಗೆ ಸುರಿದು, ರಚ್ಚನ್ನು ಒಲೆಗೆ ಒಡ್ಡಿ, ಮಡ್ಡಿ ತೆಗೆದು, ಪಾಕ ಬಂದೊಡನೆ ಇಳಿಸಿ ಅಚ್ಚಿಗೆ ಹೊಯ್ಯುವ ಕೆಲಸಕ್ಕೆ ಪಳಗಿದ ಕೈಗಳು ಬೇಕು. ಸ್ನೇಹಿತರಿಗೆ ಆಳುಗಳು ದೊರೆಯಲಿಲ್ಲ. ಬೆಲ್ಲದ ಬೆಲೆಯೂ ಕೈಹಿಡಿಯಲಿಲ್ಲ. ಮೂರು ವರ್ಷಗಳಿಂದ ಒಲೆ ಹತ್ತಿಲ್ಲ, ಸೂರು ಕುಸಿದಿದೆ. ಆದರೂ ಮುಚ್ಚಿದೆನೆಂದು ಅವರು ಯಾರಿಗೂ ಹೇಳಿಲ್ಲ.

ಇದರಿಂದ ಅವರಿಗಾದ ನಷ್ಟ ಅಲ್ಪ. ನಷ್ಟ ಹೊತ್ತವನು ಬೇರೊಬ್ಬನು. ಮಳವಳ್ಳಿಯ ಕಡೆಯ ಒಬ್ಬ ಕೆಲಸಗಾರನು ಇಪ್ಪತ್ತು ವರ್ಷ ಅವರ ಕೊಪ್ಪರಿಗೆಯ ಬಳಿ ನಿಂತು ಪಾಕ ನೋಡಿದವನು. ಪ್ರತಿವರ್ಷವೂ ದಸರೆ ಕಳೆದ ಮೇಲೆ ಬಂದು, "ಈ ಸಾರಿ ಒಲೆ ಹತ್ತಿಸುವುದೇ?" ಎಂದು ಕೇಳುವನು. ಇವರು, "ನೋಡೋಣ, ದೀಪಾವಳಿ ಕಳೆಯಲಿ" ಎನ್ನುವರು. ಆ ಮಾತನ್ನು ನಂಬಿ ಅವನು ಮಂಡ್ಯದ ಬಳಿಯ ಮತ್ತೊಂದು ಆಲೆಮನೆಯವರು ಕರೆದರೂ ಎರಡು ಸಾರಿ ಹೋಗಲಿಲ್ಲ. ಹೆಂಡತಿಯ ಓಲೆಯನ್ನು ಅಡವಿಟ್ಟು ಮಳೆಗಾಲ ಕಳೆದನು.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಈ ಮೂರು ವರ್ಷಗಳಲ್ಲಿ ಸ್ನೇಹಿತರು ನನ್ನನ್ನು ಎಷ್ಟೋ ಸಾರಿ ಸಲಹೆ ಕೇಳಿದ್ದರು. ನಾನು ಪ್ರತಿಸಾರಿಯೂ, "ಯೋಚನೆ ಮಾಡಿ ನಡೆಯಿರಿ" ಎಂದೆನು. ಕೇಳಲು ಅದು ಹಿತವಚನ; ನಿಜಕ್ಕೂ ನನ್ನ ಜಾಣತನ. ಮುಚ್ಚೆಂದು ಹೇಳಿ ಪಿತ್ರಾರ್ಜಿತವನ್ನು ಕೆಡಿಸಿದ ಅಪವಾದ ನನಗೆ ಬೇಡವಾಗಿತ್ತು. ಆ ಕಣ್ಣಿನ ಬಟ್ಟೆಯ ಒಂದು ಗಂಟನ್ನು ನಾನೇ ಹಾಕಿದ್ದೆನು. ಅಂದು ಅದನ್ನು ಅವರಿಗೆ ಹೇಳಿಬಿಟ್ಟೆನು, "ಆಲೆಮನೆ ಮುಗಿದು ಮೂರು ವರ್ಷವಾಯಿತು. ಮುಗಿಯದಿರುವುದು ನಿಮ್ಮ ಮಾತು ಮಾತ್ರ" ಎಂದೆನು.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಮಳವಳ್ಳಿಯ ಕಡೆಗೆ ಹೊರಟೆವು. ಆ ಕೆಲಸಗಾರನು ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದನು. ಸ್ನೇಹಿತರು ನಿಂತುಕೊಂಡೇ ವಿಷಯವನ್ನು ಹೇಳಿದರು. ಅವನು ಹಗ್ಗವನ್ನು ಕೆಳಗಿಟ್ಟು, "ನನಗೆ ಗೊತ್ತಿತ್ತು ಯಜಮಾನ್ರೇ. ತಾವು ಬಾಯಿಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ" ಎಂದನು. ಸ್ನೇಹಿತರು ಅಡವಿನ ಹಣವನ್ನು ತಾವು ತೀರಿಸುವುದಾಗಿ ಹೇಳಿದರು. ಅವನು ಬೇಡವೆನ್ನಲಿಲ್ಲ. ಪಾಕ ತಿರುವುತ್ತಿದ್ದ ಹಳೆಯ ಮರದ ಹುಟ್ಟು ಮಾತ್ರ ತನಗೆ ಬೇಕೆಂದು ಕೇಳಿದನು. ಮಂಡ್ಯದ ಆಲೆಮನೆಗೆ ಅವನು ಈ ವರ್ಷ ಹೋಗುತ್ತಾನೆ.

ಗೃಹಸ್ಥರಾದ ವಾಚಕರು ತಮ್ಮ ಮನೆಯನ್ನು ಒಮ್ಮೆ ನೋಡಿಕೊಳ್ಳಲಿ. ಆಗದೆಂದು ತಿಳಿದೂ ಉತ್ತರ ಕೊಡದ ಸಂಬಂಧ, ಪಾಲು ಮಾಡದೆ ಬೀಗ ಹಾಕಿದ ಮನೆ, ಕೊಡಲಾರೆನೆಂದು ಹೇಳದೆ ಮುಂದೂಡಿದ ಸಾಲ, ಇಂಥದು ಒಂದಾದರೂ ಇದ್ದೀತು. ಅದರ ಬಾಗಿಲಲ್ಲಿ ಯಾರು ಕಾದಿದ್ದಾರೆಂದು ಮೊದಲು ವಿಚಾರಿಸಬೇಕು. ನಾವು ತೂಗುತ್ತಿರುವುದು ನಮ್ಮ ಕಾಲವನ್ನೆಂದು ಭಾವಿಸುತ್ತೇವೆ. ಸವೆಯುವುದು ಅನೇಕ ವೇಳೆ ಪರರ ಕಾಲ.

ನಾವು ಹಿಂತಿರುಗಿದಾಗ ಹುಡುಗಿಯು, "ಈ ಎಲೆಗಳನ್ನು ಬಿಸಾಡಿಬಿಡಲೇ ಮೇಷ್ಟ್ರೇ?" ಎಂದು ಕೇಳಿದಳು. "ಬೇಡಮ್ಮ, ಚಿತ್ರಗಳು ಚೆನ್ನಾಗಿವೆ. ಆದರೆ ಮನುಷ್ಯರನ್ನು ಕೇಳಬೇಕಾದುದನ್ನು ಎಲೆಗಳನ್ನು ಕೇಳಬೇಡ" ಎಂದೆನು. ಮನೆಯಾಕೆ ಒಳಗಿನಿಂದಲೇ, "ಆ ಕುದುರೆಯ ಎಲೆಯನ್ನು ಮಾತ್ರ ದೇವರ ಮನೆಯ ಕಡೆ ತರಬೇಡ" ಎಂದು ಕೂಗಿ ಹೇಳಿದರು.