ಬಾಬಾಸಾಹೇಬರನ್ನು ಬೆಳ್ಳಗೆ ಮಾಡಲು ಆ್ಯಪ್‌ಗೆ ಹೇಳಿದ್ದು ಯಾರು?



ಏಪ್ರಿಲ್ 14 ಹತ್ತಿರ ಬಂದರೆ ಮಂಗಳೂರಿನ ಅಂಬೇಡ್ಕರ್ ವೃತ್ತದ ಫ್ಲೆಕ್ಸಿನಿಂದ ಹಿಡಿದು ವಾಟ್ಸಾಪ್ ಸ್ಟೇಟಸ್‌ವರೆಗೆ ಪೋಸ್ಟರ್‌ಗಳ ಸುರಿಮಳೆ. ಡಿಸೈನರ್‌ಗೆ ಕೊಡಲು ದುಡ್ಡಿಲ್ಲದ ನಮ್ಮ ಕಾಲನಿ ಹುಡುಗರು ಈಗ ಮೊಬೈಲ್‌ನಲ್ಲೇ ಅರ್ಧ ಗಂಟೆಯಲ್ಲಿ ಪೋಸ್ಟರ್ ಮಾಡ್ತಾರೆ. ಅದು ಖುಷಿಯ ವಿಷಯ. ನನ್ನ ತಕರಾರು ಇರುವುದು 'ಎನ್‌ಹಾನ್ಸ್' ಎನ್ನುವ ಆ ಒಂದು ಬಟನ್ ಬಗ್ಗೆ.

ಅದನ್ನು ಒತ್ತಿದರೆ ಎಷ್ಟೋ ಸಲ ಬಾಬಾಸಾಹೇಬರ ಮುಖ ಬೆಳ್ಳಗಾಗ್ತದೆ, ಕೆನ್ನೆ ನುಣುಪಾಗ್ತದೆ. ಕೆಳಗಿದ್ದ ಕನ್ನಡದ ಒತ್ತಕ್ಷರವೂ ಕಲಸಿ ಹೋಗ್ತದೆ. ಕೇಳಿದರೆ "ಚಂದ ಕಾಣ್ಲಿ ಅಂತ ಅಲ್ವಾ ಅಣ್ಣ" ಅಂತಾರೆ. ಚಂದ ಅಂದ್ರೆ ಬಿಳಿ ಅಂತ ತೀರ್ಮಾನಿಸಿದ್ದು ಯಾರು ಮಾರಾಯ್ರೇ?

2017ರಲ್ಲಿ ಫೇಸ್‌ಆ್ಯಪ್‌ನ 'ಹಾಟ್' ಫಿಲ್ಟರ್ ಕಪ್ಪು ಜನರನ್ನು ಬೆಳ್ಳಗೆ ಮಾಡಿದ್ದಕ್ಕೆ ಕಂಪನಿ ಕ್ಷಮೆ ಕೇಳಬೇಕಾಯಿತು. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ 'ಪಲ್ಸ್' ತಂತ್ರಾಂಶಕ್ಕೆ ಬರಾಕ್ ಒಬಾಮ ಅವರ ಮಸುಕು ಫೋಟೋ ಕೊಟ್ಟರೆ, ಅದು ಬಿಳಿ ಗಂಡಸಿನ ಮುಖ ಮಾಡಿಕೊಟ್ಟಿತು. ಇಂಥ ತಂತ್ರಾಂಶ ಫೋಟೋವನ್ನು ತೊಳೆದು ಕೊಡುವುದಲ್ಲ. ತಾನು ಕಲಿತ ಸಾವಿರಾರು ಮುಖಗಳನ್ನು ಆಧರಿಸಿ, ಕಾಣದ್ದನ್ನು ಊಹಿಸಿ ಬರೆಯುತ್ತದೆ. ಕಲಿತದ್ದರಲ್ಲಿ ಬಿಳಿ ಮುಖಗಳೇ ಹೆಚ್ಚಿದ್ದರೆ ಊಹೆಯೂ ಹಾಗೇ ಇರ್ತದೆ.

ಬಾಬಾಸಾಹೇಬರ ಫೋಟೋ ಬೇಕಾದಷ್ಟಿವೆ, ಸುಳ್ಳು ಮುಖವನ್ನು ಗುರುತಿಸಬಹುದು. ಆದರೆ ನಮ್ಮ ಜಿಲ್ಲೆಯ ಕೊರಗ ಬಂಧುಗಳನ್ನು ನೆನಪಿಸಿಕೊಳ್ಳಿ. ಅವರ ಮೇಲಿನ ಅಜಲು ಪದ್ಧತಿ ನಿಲ್ಲಿಸಲು ಕಾನೂನು ಬಂದದ್ದೇ 2000ದಲ್ಲಿ. ಅಂಥ ಮನೆಯ ಅಜ್ಜಿಯದ್ದು ಇರುವುದೇ ಒಂದು ಹಳೆಯ ಫೋಟೋ ಆದರೆ? ಬಿಸಿಲಿಗೆ ಬೆಂದ ಆ ಬಣ್ಣ, ಆ ಸುಕ್ಕು ಅವರು ದುಡಿದದ್ದಕ್ಕೆ ಸಾಕ್ಷಿ. ಅದನ್ನು ಅಳಿಸಿದ ಮೇಲೆ ಮೊಮ್ಮಕ್ಕಳಿಗೆ ಸಿಗುವುದು ಯಾರ ಮುಖ?

ದಿನವಿಡೀ ಕಡತಗಳ ನಡುವೆ ಕೂರುವ ಗುಮಾಸ್ತ ನಾನು. ಮೂಲ ಪ್ರತಿಯನ್ನೇ ತಿದ್ದಿದರೆ ಅದು ದಾಖಲೆಯಾಗಿ ಉಳಿಯುವುದಿಲ್ಲ. ನಮ್ಮವರ ಚರಿತ್ರೆಗೆ ದಾಖಲೆ ಇರುವುದೇ ಕಡಿಮೆ.

ಹಾಗಾಗಿ ಪೋಸ್ಟರ್ ಮಾಡುವ ತಮ್ಮ ತಂಗಿಯರಿಗೆ ಒಂದು ವಿನಂತಿ. ಅಂಚು, ಹಿನ್ನೆಲೆ, ಅಳತೆ ಎಲ್ಲ ಆ್ಯಪ್‌ಗೆ ಬಿಡಿ, ಮುಖ ಬಿಡಬೇಡಿ. ಮೂಲ ಫೋಟೋವನ್ನು ಬೇರೆಯೇ ಸೇವ್ ಮಾಡಿಡಿ. ಅಕ್ಷರಗಳನ್ನು ಕೊನೆಯಲ್ಲಿ ನೀವೇ ಟೈಪ್ ಮಾಡಿ. ಪ್ರಿಂಟಿಗೆ ಕೊಡುವ ಮುಂಚೆ ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿ.

ನಮ್ಮ ಹಿರಿಯರು ಹೇಗಿದ್ದರೋ ಹಾಗೇ ಚಂದ.

ಜೈ ಭೀಮ್.