ಬುಶ್ ಕೇಳಿದರೆ ಇಡೀ ಆರ್ಮ್‌ರೆಸ್ಟ್ ಯಾಕೆ?

ಕಾರಿನ ಸೀಟಿನ ಬದಿಗಿರುವ, ಬೇಡವಾದಾಗ ಮಡಚಿ ಮೇಲೆತ್ತುವ ಆರ್ಮ್‌ರೆಸ್ಟ್ ಲೂಸಾಗುವುದು ಪತ್ರಿಕೆಯಲ್ಲಿ ಬರೆಯುವಂಥ ವಿಷಯವೇ ಎಂದು ಯಾರಾದರೂ ಕೇಳಬಹುದು. ಕುಂದಾಪುರ, ಬೈಂದೂರು ಕಡೆಯ ಬಾಡಿಗೆ ಕಾರುಗಳನ್ನು ನೋಡಿದರೆ ಹಾಗನ್ನಿಸದು. ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ರೈಲಿಳಿದು ಕೊಲ್ಲೂರಿಗೆ ಹೋಗುವವರಲ್ಲಿ ವಯಸ್ಸಾದವರೂ ಇರುತ್ತಾರೆ. ಕಂಪನಿಯ ಲೆಕ್ಕದಲ್ಲಿ ಆರ್ಮ್‌ರೆಸ್ಟ್ ಇರುವುದು ಮೊಣಕೈ ಊರಲು. ಮಂಡಿನೋವಿನ ಅಜ್ಜಿಗೆ ಮಾತ್ರ ಅದು ಸೀಟಿನಿಂದ ಏಳಲು ಸಿಗುವ ಆಸರೆ. ಆಕೆ ಮೈಭಾರ ಹಾಕುವುದು ಅದರ ಮುಂದಿನ ತುದಿಯ ಮೇಲೆ, ಅಷ್ಟನ್ನೂ ತಡೆಯಬೇಕಾದದ್ದು ಹಿಂದಿನ ತುದಿಯಲ್ಲಿರುವ ಬೋಲ್ಟು. ದಿನವೂ ಹೀಗೆ ಒತ್ತಡ ಬಿದ್ದರೆ ಬೋಲ್ಟಿನ ಸುತ್ತಲಿನ ಪ್ಲಾಸ್ಟಿಕ್ ಬುಶ್ ಸವೆದು, ದುಂಡಗಿದ್ದ ತೂತು ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಮೊದಲು ಕಟಕಟ ಸದ್ದು, ಆಮೇಲೆ ಆರ್ಮ್‌ರೆಸ್ಟ್ ಮುಂದಕ್ಕೆ ಜೋಲುತ್ತದೆ, ಕೊನೆಗೆ ಅದನ್ನು ನಂಬಿ ಕೈಯೂರಿದವರೇ ವಾಲುತ್ತಾರೆ.

ಇದನ್ನು ಸರಿಮಾಡುವುದು ದೊಡ್ಡ ವಿದ್ಯೆಯೇನಲ್ಲ. ಸಾಮಾನ್ಯವಾಗಿ ಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಬೋಲ್ಟು ಕಾಣುತ್ತದೆ. ಅದರ ಕುತ್ತಿಗೆಯಲ್ಲಿ ಥ್ರೆಡ್ ಇರುವುದಿಲ್ಲ, ಆ ನುಣುಪು ಭಾಗದ ಮೇಲೆಯೇ ಆರ್ಮ್‌ರೆಸ್ಟ್ ತಿರುಗುವುದು. ಬರೀ ಸಡಿಲವಾಗಿದ್ದರೆ ಬಿಚ್ಚಿ, ಥ್ರೆಡ್ ಕಚ್ಚಿ ಹಿಡಿಯುವ ಅಂಟನ್ನು ಒಂದು ಹನಿ ಹಾಕಿ ಬಿಗಿಮಾಡಿದರೆ ಮುಗಿಯಿತು. ಬುಶ್ ಸವೆದಿದ್ದರೆ ಎಷ್ಟು ಬಿಗಿಮಾಡಿದರೂ ದಂಡ. ಇನ್ನೂ ಇನ್ನೂ ತಿರುಗಿಸುತ್ತ ಹೋದರೆ ಸೀಟಿನ ಫ್ರೇಮಿಗೆ ವೆಲ್ಡ್ ಆಗಿರುವ ನಟ್ಟು ಕಿತ್ತುಕೊಂಡು ಒಳಗೇ ಸುತ್ತತೊಡಗುತ್ತದೆ, ಆಗ ಸೀಟ್ ಕವರ್ ಬಿಚ್ಚದೆ ಗತಿಯಿಲ್ಲ. ಬೇಕಾದದ್ದು ಒಂದು ಬುಶ್, ಒಂದು ವಾಷರ್. ಆದರೆ ಹಲವು ಮಾದರಿಗಳಿಗೆ ಪಾರ್ಟ್ಸ್ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: ಬುಶ್ ಬಿಡಿಯಾಗಿ ಬರುವುದಿಲ್ಲ, ಫುಲ್ ಸೆಟ್ ತರಿಸಬೇಕು. ಆ ಸೆಟ್ಟಿಗಾಗಿ ಬೈಂದೂರಿನವರು ಉಡುಪಿಗೆ ಹೋಗುವುದಾದರೆ ಸುಮಾರು 70 ಕಿ.ಮೀ. ದಾರಿ, ಸಾಸ್ತಾನದ ಟೋಲು, ಒಂದು ದಿನದ ಬಾಡಿಗೆ ಖೋತಾ. ಇದರ ಗೋಜೇ ಬೇಡವೆಂದು ಆರ್ಮ್‌ರೆಸ್ಟನ್ನು ಮೇಲೆತ್ತಿ ಹಗ್ಗದಲ್ಲಿ ಕಟ್ಟಿಬಿಡುವ ಚಾಲಕನನ್ನು ದೂರುವಂತಿಲ್ಲ. ಸವೆಯುವ ಭಾಗವನ್ನು ಪ್ರತ್ಯೇಕವಾಗಿ, ಬೆಲೆ ನಮೂದಿಸಿ, ಕೇಳಿದ ಯಾರಿಗೇ ಆದರೂ ಮಾರಬೇಕೆಂದು ಕಂಪನಿಗಳ ಮೇಲೆ ಕಾನೂನು ಕಡ್ಡಾಯ ಮಾಡಬೇಕು. ನನ್ನ ವಾದ ಇಷ್ಟೇ.

ಈ ದಾರಿಯಲ್ಲಿ ಅರ್ಧ ಕೆಲಸ ಆಗಿಯೇ ಇದೆ. ಬಿಡಿಭಾಗ, ರಿಪೇರಿ ಕೈಪಿಡಿ ಮತ್ತು ದೋಷ ಪತ್ತೆಯ ಉಪಕರಣಗಳು ಅಧಿಕೃತ ಡೀಲರುಗಳ ಆಚೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂ. ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡುವಂತಿಲ್ಲ ಎಂದೂ ಹೇಳಿತು. ಟೊಯೊಟಾ, ಫೋರ್ಡ್, ನಿಸಾನ್ ಕಂಪನಿಗಳ ಮೇಲ್ಮನವಿಯಲ್ಲಿ 2016ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ದಂಡವನ್ನು ಇಳಿಸಿತಾದರೂ ತಪ್ಪು ನಡೆದಿದೆ ಎಂಬ ತೀರ್ಮಾನವನ್ನು ಉಳಿಸಿಕೊಂಡಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಒಂದು ಪೋರ್ಟಲ್ ಕೂಡ ಬಂತು. ಇಷ್ಟೆಲ್ಲ ಆದಮೇಲೂ, ಬಿಡಿಭಾಗವನ್ನು ಎಷ್ಟು ಬಿಡಿಯಾಗಿ ಕೊಡಬೇಕು ಎಂಬುದು ಕಂಪನಿಯ ಮರ್ಜಿಗೇ ಉಳಿದುಬಿಟ್ಟಿದೆ. ಆರ್ಮ್‌ರೆಸ್ಟಿನ ಫುಲ್ ಸೆಟ್ಟನ್ನು ಪೇಟೆಯಲ್ಲಿ ಮಾರಿದರೆ ಆಯೋಗದ ಆದೇಶ ಪಾಲಿಸಿದಂತೆಯೇ ಲೆಕ್ಕ. ಬುಶ್ ಬೇಕಾದವನ ಕೈ ಮಾತ್ರ ಖಾಲಿ.

ಬಿಡಿಯಾಗಿ ಮಾರಿ ಎಂದರೆ ಕಂಪನಿಗಳಿಂದ ಸುರಕ್ಷತೆಯ ಮಾತು ಮೊದಲು ಬರುತ್ತದೆ. ಈಗಿನ ಹಲವು ಕಾರುಗಳ ಮುಂದಿನ ಸೀಟಿನೊಳಗೆ ಏರ್‌ಬ್ಯಾಗ್ ಇರುತ್ತದೆ, ಗೊತ್ತಿಲ್ಲದವರು ಸೀಟು ಬಿಚ್ಚಿದರೆ ಅಪಾಯ. ಮಾತು ನಿಜ. ಆದರೆ ಆ ಏರ್‌ಬ್ಯಾಗ್ ಇರುವುದು ಸಾಮಾನ್ಯವಾಗಿ ಬಾಗಿಲ ಕಡೆಗೆ, ಆರ್ಮ್‌ರೆಸ್ಟ್ ಇರುವುದು ಒಳಬದಿಗೆ. ಯಾವ ವೈರು ಎಲ್ಲಿ ಹೋಗಿದೆ ಎಂದು ತೋರಿಸುವ ಕೈಪಿಡಿಯನ್ನು ಬಚ್ಚಿಟ್ಟರೆ ಅಪಾಯ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಇನ್ನು ಊರ ಗ್ಯಾರೇಜಿನವರು ಸಿಕ್ಕಾಪಟ್ಟೆ ವೆಲ್ಡಿಂಗ್ ಹೊಡೆದು ಸೀಟನ್ನೇ ಕೆಡಿಸುತ್ತಾರೆ ಎಂಬ ದೂರು. ಕೆಡಿಸುವವರಿದ್ದಾರೆ, ಅಲ್ಲಗಳೆಯುವುದಿಲ್ಲ. ಆದರೆ ಸರಿಯಾದ ಭಾಗ ಕೈಗೆ ಸಿಗದಿದ್ದಾಗ ಮೆಕ್ಯಾನಿಕ್ಕಿಗೆ ಉಳಿಯುವ ದಾರಿಯಾದರೂ ಯಾವುದು? ದೋಣಿಯ ಶಾಫ್ಟು ತಿದ್ದುವ ಲೇತಿನವನಿಗೆ ನೈಲಾನ್ ತುಂಡಿನಿಂದ ಬುಶ್ ಕಡೆಯುವುದು ಕಷ್ಟದ ಕೆಲಸವಲ್ಲ. ಅವನಿಗೆ ಸಿಗದಿರುವುದು ಅಳತೆ. ಸವೆದ ಬುಶ್ಶಿಗೆ ಕ್ಯಾಲಿಪರ್ ಹಿಡಿದರೆ ಸವೆದ ಅಳತೆಯೇ ಬರುತ್ತದೆ. ಹೊಸದಿದ್ದಾಗ ಎಷ್ಟಿತ್ತು ಎಂಬುದು ಇರುವುದು ಕಂಪನಿಯ ಡ್ರಾಯಿಂಗಿನಲ್ಲಿ. ಕೌಶಲದ ಮಾತಾದರೆ ಕರಾವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ: ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೇಯನ್ಸ್ ಬಸ್ ಕಂಪನಿಯ ವಿ.ಎಸ್. ಕುಡ್ವರೇ ಮುಂದೆ ಕೆನರಾ ವರ್ಕ್‌ಶಾಪ್ಸ್ ಆರಂಭಿಸಿದರು, ಅದು ವಾಹನಗಳ ಸ್ಪ್ರಿಂಗ್ ತಯಾರಿಸಿ ಹೆಸರು ಮಾಡಿತು.

ಕಂಪನಿಗಳ ವಾದದಲ್ಲಿ ತೂಕವಿರುವುದು ದಾಸ್ತಾನಿನ ಬಗ್ಗೆ. ಒಂದು ಕಾರಿನಲ್ಲಿ ಸಾವಿರಾರು ಭಾಗಗಳಿವೆ, ಪ್ರತಿಯೊಂದು ಬುಶ್ಶಿಗೂ ನಂಬರ್ ಕೊಟ್ಟು, ಪೊಟ್ಟಣ ಕಟ್ಟಿ, ಗೋದಾಮಿನಲ್ಲಿ ಇಡುವ ಖರ್ಚು ಬುಶ್ಶಿನ ಬೆಲೆಗಿಂತ ಹೆಚ್ಚಾದೀತು. ವಾಹನದ ಆಯುಷ್ಯದಲ್ಲಿ ಅದು ಸವೆಯುವುದೂ ಅಪರೂಪ ಎನ್ನುತ್ತಾರೆ. ಎಲ್ಲಿಯ ಆಯುಷ್ಯ? ಮರವಂತೆಯಲ್ಲಿ ಹೆದ್ದಾರಿಯ ಮಗ್ಗುಲಿಗೇ ಕಡಲು. ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಯ ತೇವಕ್ಕೂ ಬೋಲ್ಟಿಗೆ ತುಕ್ಕು ಹಿಡಿದರೆ, ಆ ತುಕ್ಕು ಬುಶ್ಶನ್ನು ಅರದಂತೆ ಉಜ್ಜಿ ತೆಗೆಯುತ್ತದೆ. ದೇಶದ ಸರಾಸರಿ ಇಲ್ಲಿಯ ಟ್ಯಾಕ್ಸಿಗೆ ಹೊಂದುವುದಿಲ್ಲ. ದಾಸ್ತಾನು ಇಡಲಾಗದಿದ್ದರೆ ಬೇಡ, ಚಲಿಸುವ ಮತ್ತು ಸವೆಯುವ ಭಾಗಗಳ ಅಳತೆಯನ್ನಾದರೂ ಬಹಿರಂಗಪಡಿಸಲಿ. ಮಾಡಿ ಮಾರುವವರು ಪೇಟೆಯಲ್ಲಿದ್ದಾರೆ. ನಕಲಿ ಮಾಲು ಬರುತ್ತದೆಂಬ ಭಯವೂ ಇದೆ. ಅಳತೆ ಗುಟ್ಟಾಗಿರುವ ಈಗಲೂ ನಕಲಿ ಮಾಲು ಧಾರಾಳವಾಗಿ ಬರುತ್ತಿದೆ, ಅದೂ ತಪ್ಪು ಅಳತೆಯಲ್ಲಿ. ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳ ಪುಶ್‌ಬ್ಯಾಕ್ ಸೀಟನ್ನು ನೋಡಿ. ಅದರ ಆರ್ಮ್‌ರೆಸ್ಟನ್ನು ಹಿಡಿದಿರುವುದು ಬಹುಮಟ್ಟಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥ ನಟ್ಟು ಬೋಲ್ಟು, ಬಸ್ಸು ಹೊರಡುವ ಮುನ್ನ ಕ್ಲೀನರ್ ಸ್ಪ್ಯಾನರ್ ಹಿಡಿದು ಸರಿಮಾಡಿ ಮುಗಿಸುತ್ತಾನೆ. ಬಸ್ಸಿನ ಸೀಟು ಮಾಡುವವರಿಗೆ ಸಾಧ್ಯವಾದದ್ದು ಹತ್ತು ಹದಿನೈದು ಲಕ್ಷದ ಕಾರು ಮಾಡುವವರಿಗೆ ಆಗದು ಎನ್ನುವುದನ್ನು ಒಪ್ಪುವುದು ಕಷ್ಟ.

ಕಾನೂನು ಬರುವವರೆಗೆ ಬ್ರಹ್ಮಾವರದಿಂದ ಬೈಂದೂರಿನವರೆಗಿನ ಟ್ಯಾಕ್ಸಿ ಮಾಲೀಕರು ಕಾಯುತ್ತ ಕೂರಬೇಕಾಗಿಲ್ಲ. ಹತ್ತಾರು ಗಾಡಿ ಕೊಳ್ಳುವವರು ಒಟ್ಟಾಗಿ ಬುಕಿಂಗಿಗೆ ಮೊದಲೇ ಡೀಲರನ್ನು ಕೇಳಬಹುದು: ಆರ್ಮ್‌ರೆಸ್ಟಿನ ಬುಶ್, ಬಾಗಿಲ ಹಿಡಿಯ ಕ್ಲಿಪ್, ಸೀಟು ಜಾರುವ ಹಳಿಯ ರೋಲರ್ ಬಿಡಿಯಾಗಿ ಸಿಗುತ್ತವೆಯೇ, ಬೆಲೆ ಎಷ್ಟು, ಎಷ್ಟು ದಿನದಲ್ಲಿ? ಉತ್ತರವನ್ನು ಬರೆದು ಕೊಡಲಿ. ಮೈಲೇಜಿನ ಬಗ್ಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಇದಕ್ಕೆ ಐದು ನಿಮಿಷ ಕೊಡಬಹುದು.