ಸರ್ಪಸುತ್ತು ಮತ್ತು ನಮ್ಮೊಳಗಿನ ಪ್ರಾಚೀನ ವೈರಸ್ಸುಗಳು

ಮೈಮೇಲೆ ನೀರುಗುಳ್ಳೆಗಳೆದ್ದ ಮಗುವನ್ನು ಕಂಡರೆ ನಮ್ಮ ಹಳ್ಳಿಗಳ ಹಿರಿಯರು 'ಅಮ್ಮ ಬಂದಿದ್ದಾಳೆ' ಎನ್ನುತ್ತಾರೆ. ಬೇವಿನ ಸೊಪ್ಪಿನ ಹಾಸಿಗೆ, ಬೇವಿನ ನೀರಿನ ಸ್ನಾನ, ಮೊಸರನ್ನದ ಎಡೆ ಇವೆಲ್ಲವೂ ನಡೆಯುತ್ತವೆ. ಹಕ್ಕಳೆ ಉದುರಿದ ಮೇಲೆ 'ಅಮ್ಮ ಹೋದಳು' ಎಂದು ಮನೆಯವರು ನೆಮ್ಮದಿಯ ಉಸಿರು ಬಿಡುತ್ತಾರೆ. ವೈದ್ಯರು ಸೀತಾಳೆ ಸಿಡುಬು ಎಂದು ಕರೆಯುವ ಈ ವ್ಯಾಧಿ ವಾಸಿಯಾಗುವುದು ನಿಜ. ಆದರೆ ಅದನ್ನು ತಂದ ವೈರಸ್ಸು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗ್ರಂಥಿಗಳಲ್ಲಿ ಅದು ಅಡಗಿ ಕುಳಿತಿರುತ್ತದೆ. ಕೂಡ್ಲಿಗಿಯ ಬತ್ತಿದ ಕೆರೆಯಂಗಳದಲ್ಲಿ ಕಪ್ಪೆಗಳು ಮಣ್ಣಿನಡಿ ಮಲಗಿದ್ದು, ಮೊದಲ ಮಳೆಗೆ ಮೇಲೆದ್ದು ಕೂಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ವೈರಸ್ಸೂ ಹಾಗೆಯೇ. ನಲವತ್ತು ಐವತ್ತು ವರ್ಷಗಳ ತರುವಾಯ ದೇಹದ ಕಾವಲು ಸಡಿಲಿಸಿದಾಗ ಅದು ನರದ ಗುಂಟ ಹೊರಟು, ಸೊಂಟದ ಅಥವಾ ಎದೆಯ ಒಂದು ಮಗ್ಗುಲಲ್ಲಿ ಉರಿಯುವ ಗುಳ್ಳೆಗಳ ಪಟ್ಟಿಯಾಗಿ ಕಾಣಿಸಿಕೊಳ್ಳುತ್ತದೆ. ಅದೇ ಸರ್ಪಸುತ್ತು.

ಈ ವೈರಸ್ಸು ಹರ್ಪಿಸ್ ಎಂಬ ಮನೆತನಕ್ಕೆ ಸೇರಿದ್ದು. ತುಟಿಯ ಅಂಚಿನಲ್ಲಿ ಪದೇ ಪದೇ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್, 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ಮುಂತಾದವು ಇದರ ದಾಯಾದಿಗಳು. ಒಮ್ಮೆ ಹೊಕ್ಕ ದೇಹವನ್ನು ಜೀವಮಾನವಿಡೀ ಬಿಡದಿರುವುದು ಈ ಮನೆತನದ ಲಕ್ಷಣ.

ಆದರೆ ನಮ್ಮೊಳಗೆ ನಿದ್ರಿಸುತ್ತಿರುವವು ಇವಷ್ಟೇ ಅಲ್ಲ. ಹರಪನಹಳ್ಳಿಯ ಸಮೀಪದ ಬಾಗಳಿಯಲ್ಲಿ ಕಲ್ಲೇಶ್ವರ ದೇವಾಲಯದ ಹಳಗನ್ನಡ ಶಾಸನಗಳನ್ನು ನೋಡಿದ ವಾಚಕರು, ಆಳಿದ ಅರಸರು ಅಳಿದರೂ ಅವರ ಬರೆಹ ಕಲ್ಲಿನಲ್ಲಿ ಉಳಿದಿರುವುದನ್ನು ಬಲ್ಲರು. ನಮ್ಮ ಡಿಎನ್ಎಯಲ್ಲಿಯೂ ಅಂತಹ ಶಾಸನಗಳುಂಟು. ಮಾನವನು ಹುಟ್ಟುವುದಕ್ಕೂ ಬಹು ಹಿಂದೆ, ನಮ್ಮ ಪೂರ್ವಜ ಪ್ರಾಣಿಗಳಿಗೆ ರೆಟ್ರೋವೈರಸ್ಸುಗಳೆಂಬ ವೈರಸ್ಸುಗಳು ತಗುಲಿದವು. ಅವುಗಳಲ್ಲಿ ಕೆಲವು ವೀರ್ಯಾಣು ಅಂಡಾಣುಗಳ ಡಿಎನ್ಎಗೆ ಹೊಲಿದುಕೊಂಡು, ತಂದೆತಾಯಿಗಳಿಂದ ಮಕ್ಕಳಿಗೆ ಹರಿದುಬಂದವು. ನಮ್ಮ ಡಿಎನ್ಎಯ ಶೇಕಡ 8ರಷ್ಟು ಭಾಗ ಇಂತಹ ಅವಶೇಷ. ದೇಹದ ಪ್ರೋಟೀನುಗಳ ಸೂತ್ರವನ್ನು ನೇರವಾಗಿ ಹೊತ್ತ ಭಾಗ ಶೇಕಡ 2ನ್ನೂ ಮೀರದೆಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿದೀತು.

ಇವುಗಳಲ್ಲಿ ಹೆಚ್ಚಿನವು ಅಕ್ಷರ ಸವೆದ ಶಾಸನಗಳು. ಕೆಲವು ಮಾತ್ರ ಇಂದಿಗೂ ಓದಬರುತ್ತವೆ. ಸಿನ್ಸಿಟಿನ್ ಎಂಬ ಪ್ರೋಟೀನು ಇಂತಹ ಒಂದು ಪ್ರಾಚೀನ ವೈರಸ್ಸಿನ ಹೊದಿಕೆಯ ಜೀನಿನಿಂದ ಬಂದುದೆಂದೂ, ಗರ್ಭದಲ್ಲಿ ಮಾಸುಚೀಲ ರೂಪುಗೊಳ್ಳಲು ಅದು ನೆರವಾಗುವುದೆಂದೂ 2000ದಲ್ಲಿ ತಿಳಿದುಬಂತು. ಸೋಂಕು ತಗುಲಿದಾಗ ರಕ್ಷಣೆಗೆ ನಿಲ್ಲುವ ಕೆಲವು ಜೀನುಗಳಿಗೆ ಪ್ರಾಚೀನ ವೈರಸ್ಸಿನ ತುಣುಕುಗಳೇ ಗುಂಡಿಯಂತೆ ಕೆಲಸ ಮಾಡುತ್ತವೆಂದು 2016ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದವರು ತೋರಿಸಿದರು. ಆದಕಾರಣ ಇವೆಲ್ಲವನ್ನೂ ಶತ್ರುಗಳೆಂದು ಭಾವಿಸಲಾಗದು.

ಈ ಇಬ್ಬರು ನಿದ್ರಿತರು ಸಂಧಿಸುವುದು ಹೇಗೆ? ಪ್ರಾಚೀನ ವೈರಸ್ಸಿನ ಜೀನುಗಳ ಎರಡೂ ತುದಿಗಳಲ್ಲಿ ಅವನ್ನು ಚಾಲೂ ಮಾಡುವ ಗುಂಡಿಗಳಿವೆ. ಜೀವಕೋಶವು ಸಾಮಾನ್ಯವಾಗಿ ಅವಕ್ಕೆ ರಾಸಾಯನಿಕ ಬೀಗ ಜಡಿದಿರುತ್ತದೆ. ಹರ್ಪಿಸ್ ವೈರಸ್ಸು ಎಚ್ಚೆತ್ತಾಗ, ತನ್ನ ಜೀನುಗಳನ್ನು ನಡೆಸಲೆಂದು ಕೆಲವು ಪ್ರೋಟೀನುಗಳನ್ನು ಎಲ್ಲಕ್ಕಿಂತ ಮೊದಲು ತಯಾರಿಸುತ್ತದೆ. ಅವು ಪಕ್ಕದ ಬೀಗಗಳನ್ನೂ ತೆರೆಯಬಲ್ಲವು. ಹರ್ಪಿಸ್ ಸಿಂಪ್ಲೆಕ್ಸಿನ ಇಂತಹ ಪ್ರೋಟೀನುಗಳು, ಒಬ್ಬ ರೋಗಿಯಿಂದ ಪಡೆದ ಜೀವಕೋಶಗಳಲ್ಲಿದ್ದ ರೆಟ್ರೋವೈರಸ್ಸನ್ನು ಕೆರಳಿಸಿದುದನ್ನು ಫ್ರಾನ್ಸಿನ ಸಂಶೋಧಕರು 1993ರಲ್ಲಿ ವರದಿ ಮಾಡಿದರು. ಎಪ್‌ಸ್ಟೈನ್-ಬಾರ್ ವೈರಸ್ಸು ಬಿಳಿ ರಕ್ತಕಣಗಳಲ್ಲಿ ಇನ್ನೊಂದು ಪ್ರಾಚೀನ ಜೀನನ್ನು ಎಬ್ಬಿಸುವುದೆಂದು 2001ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದವರು ಕಂಡರು. ಹೀಗೆ ಹೊರಬಿದ್ದ ಪ್ರೋಟೀನನ್ನು ದೇಹದ ಕಾವಲು ಪಡೆ ಪರಕೀಯವೆಂದು ಬಗೆದು, ತನ್ನ ಅಂಗಾಂಶದ ಮೇಲೆಯೇ ಏರಿಹೋಗಬಹುದೆಂಬುದು ವಿಜ್ಞಾನಿಗಳ ಶಂಕೆ. ನರಗಳ ಹೊದಿಕೆಯನ್ನು ದೇಹವೇ ಹಾಳುಗೆಡಹುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ಈ ಶಂಕೆ ಬಲವಾಗಿದೆ. ಅಮೆರಿಕದ ಸೇನೆಯ ಒಂದು ಕೋಟಿಗೂ ಮಿಕ್ಕ ಜನರ ದಾಖಲೆಗಳನ್ನು ಶೋಧಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಪ್‌ಸ್ಟೈನ್-ಬಾರ್ ತಗುಲಿದ ಮೇಲೆ ಆ ವ್ಯಾಧಿಯ ಸಂಭವ 32 ಪಟ್ಟು ಹೆಚ್ಚಿದುದು ಕಂಡುಬಂತು.

ಇಲ್ಲಿ ಅವಸರದ ತೀರ್ಮಾನ ಸಲ್ಲದು. ಭಾರತದಲ್ಲಿ ಎಪ್‌ಸ್ಟೈನ್-ಬಾರ್ ಬಹುಮಟ್ಟಿಗೆ ಎಲ್ಲರಿಗೂ ಎಳವೆಯಲ್ಲಿಯೇ ತಗುಲುತ್ತದೆ. ಆದರೂ ಮಲ್ಟಿಪಲ್ ಸ್ಕ್ಲೆರೋಸಿಸ್ ಯೂರೋಪಿಗಿಂತ ಇಲ್ಲಿ ವಿರಳ. ಎಂದರೆ ವೈರಸ್ಸಿನ ಇರವೊಂದೇ ಕಾರಣವಲ್ಲ. ಅದು ಯಾವ ವಯಸ್ಸಿನಲ್ಲಿ ಬಂತು, ಯಾವಾಗ ಎಚ್ಚೆತ್ತಿತು, ಜೊತೆಗೆ ಏನನ್ನು ಎಬ್ಬಿಸಿತು ಎಂಬುದನ್ನೂ ಕೇಳಬೇಕು. ಗಾಜಿನ ಬಟ್ಟಲಿನಲ್ಲಿ ಎಚ್ಚೆತ್ತ ಜೀನು ಮನುಷ್ಯನಲ್ಲಿ ರೋಗ ತರುವುದೋ ಇಲ್ಲವೋ ಎಂಬುದನ್ನು, ಸಾವಿರಾರು ಜನರನ್ನು ಹತ್ತಾರು ವರ್ಷ ಗಮನಿಸಿಯೇ ನಿರ್ಣಯಿಸಬೇಕು. ಅಂತಹ ಗಮನಿಕೆಗೆ ನಮ್ಮ ಐದು ತಾಲ್ಲೂಕುಗಳೂ ತಕ್ಕ ಸ್ಥಳವೆಂಬುದೇ ಈ ಲೇಖನದ ಮುಖ್ಯ ಮಾತು.

ಇದಕ್ಕೆ ಮಹಾ ಪ್ರಯೋಗಶಾಲೆ ಬೇಕಿಲ್ಲ. ಇಂಗ್ಲೆಂಡಿನ ಸೈರೆನ್ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್, 1947ರಿಂದ 1962ರವರೆಗೆ 16 ವರ್ಷ ತನ್ನ ರೋಗಿಗಳ ಲೆಕ್ಕವನ್ನು ತಪ್ಪದೆ ಬರೆದಿಟ್ಟರು. ಆ ಅವಧಿಯಲ್ಲಿ ಅವರು ಕಂಡ ಸರ್ಪಸುತ್ತಿನ ಪ್ರಕರಣಗಳು 192. ವಯಸ್ಸೇರಿದಂತೆ ಈ ವ್ಯಾಧಿ ಹೆಚ್ಚುವುದನ್ನು ಗುರುತಿಸಿ, ಸೀತಾಳೆ ಸಿಡುಬಿನ ವೈರಸ್ಸೇ ನರಗ್ರಂಥಿಯಲ್ಲಿ ಅಡಗಿದ್ದು ಮರಳಿ ಏಳುತ್ತದೆಂದೂ, ದೇಹದ ರಕ್ಷಣಾಶಕ್ತಿ ಕುಗ್ಗುವುದೇ ಅದಕ್ಕೆ ಕಾರಣವೆಂದೂ 1965ರಲ್ಲಿ ಅವರು ವಾದಿಸಿದರು. ವೇಲ್ಸ್ ನಾಡಿನಲ್ಲಿ 2013ರಿಂದ ಹಿರಿಯರಿಗೆ ಸರ್ಪಸುತ್ತಿನ ಲಸಿಕೆ ಹಾಕಲಾಯಿತು. 1933ರ ಸೆಪ್ಟೆಂಬರ್ 2ಕ್ಕೆ ಮುಂಚೆ ಹುಟ್ಟಿದವರಿಗೆ ಅದು ದೊರೆಯಲಿಲ್ಲ. ಆ ದಿನದ ಆಚೀಚೆ ಹುಟ್ಟಿದವರನ್ನು ಹೋಲಿಸಿ, ಲಸಿಕೆ ಪಡೆದವರಲ್ಲಿ ಮುಂದಿನ 7 ವರ್ಷಗಳಲ್ಲಿ ಮರೆವಿನ ರೋಗ ಸುಮಾರು ಐದರಲ್ಲೊಂದು ಪಾಲು ಕಡಿಮೆಯಾದುದನ್ನು 2025ರಲ್ಲಿ ಪ್ರಕಟಿಸಿದರು. ದಾಖಲೆಗಳಿದ್ದುದರಿಂದಲೇ ಈ ತಿಳಿವಳಿಕೆ ಸಾಧ್ಯವಾಯಿತು.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಸರ್ಪಸುತ್ತಿಗೆ ಒಂದು ಪ್ರತ್ಯೇಕ ದಫ್ತರವಿರಲಿ. ರೋಗಿಯ ವಯಸ್ಸು, ಗುಳ್ಳೆ ಎದ್ದ ದಿನ, ಚಿಕಿತ್ಸೆ ಮೊದಲಾದ ದಿನ, ಮೂರು ತಿಂಗಳ ಬಳಿಕ ನೋವಿದೆಯೇ, ತರುವಾಯ ನರದ ಇಲ್ಲವೆ ಮರೆವಿನ ಕಾಯಿಲೆ ಬಂದಿತೇ ಎಂಬ ಐದು ಕಲಮುಗಳು ಸಾಕು. ವೈದ್ಯರಿಗೆ ಈಗಿರುವ ಹೊರೆಯೇ ಹೆಚ್ಚು, ಜನರು ಗುಳೆ ಹೋಗುವರು ಎಂಬ ಆಕ್ಷೇಪಣೆ ಬರಬಹುದು. ಆದರೆ ಗುಳೆ ಹೋಗುವವರು ಬಹುಮಟ್ಟಿಗೆ ದುಡಿಯುವ ವಯಸ್ಸಿನವರು. ಸರ್ಪಸುತ್ತು ಹೆಚ್ಚಾಗಿ ಕಾಡುವ ಮುದುಕರು ಊರಲ್ಲಿಯೇ ಉಳಿಯುತ್ತಾರೆ. ಆಶಾ ಕಾರ್ಯಕರ್ತೆಯರು ಅವರ ಮನೆಬಾಗಿಲನ್ನು ಬಲ್ಲರು.

ಈ ದಫ್ತರದ ಲಾಭ ಭವಿಷ್ಯದ ವಿಜ್ಞಾನಕ್ಕೆ ಮಾತ್ರವಲ್ಲ. ಸರ್ಪಸುತ್ತಿನ ತಲೆಯೂ ಬಾಲವೂ ಕೂಡಿದರೆ ಸಾವೆಂದು ಹೆದರಿ, ಕೆಮ್ಮಣ್ಣು ಹಚ್ಚಿಸುತ್ತ ದಿನ ಕಳೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಸಾವಿನ ಈ ಭಯಕ್ಕೆ ಆಧಾರವಿಲ್ಲ. ಕಳೆದ ದಿನಗಳ ನಷ್ಟ ಮಾತ್ರ ನಿಜ. ಅಸೈಕ್ಲೋವಿರ್ ಔಷಧಿ ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭವಾದರೆ ಗುಣ ಹೆಚ್ಚು. ತಡವಾದಲ್ಲಿ ವೈರಸ್ಸು ನರವನ್ನು ಮತ್ತಷ್ಟು ಸುಡುತ್ತದೆ. ಗುಳ್ಳೆ ಒಣಗಿದ ಮೇಲೂ ಅಂಗಿಯ ಸೋಂಕನ್ನೂ ತಾಳಲಾಗದ ನೋವು ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಈ ಔಷಧಿ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಹೊಸ ಲಸಿಕೆಯೊಂದು 2023ರಿಂದ ಭಾರತದಲ್ಲಿ ದೊರೆಯುತ್ತಿದೆಯಾದರೂ ಅದರ ಬೆಲೆ ಬಡವರಿಗೆ ಎಟುಕುವಂತಿಲ್ಲ. ಅದನ್ನು ಸರ್ಕಾರ ಕೊಡಬೇಕೆಂದು ಕೇಳುವುದಕ್ಕೂ ನಮ್ಮ ಊರುಗಳ ಲೆಕ್ಕ ನಮ್ಮ ಕೈಯಲ್ಲಿರಬೇಕಲ್ಲವೇ?

ಕೆಮ್ಮಣ್ಣು ಹಚ್ಚುವವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. 'ಮೂರು ದಿನದೊಳಗೆ ಆಸ್ಪತ್ರೆಗೆ ಹೋಗಿ' ಎಂಬ ಮಾತನ್ನು ಅವರ ಬಾಯಿಂದಲೇ ಹೇಳಿಸಿದರೆ ಅದು ಬೇಗ ಹರಡೀತು. ಈ ಐದು ತಾಲ್ಲೂಕುಗಳ ವೈದ್ಯರೂ ಶಾಲಾ ಉಪಾಧ್ಯಾಯರೂ ಗ್ರಾಮ ಪಂಚಾಯಿತಿಗಳ ಸದಸ್ಯರೂ ಈ ವರ್ಷವೇ ಈ ಕೆಲಸಕ್ಕೆ ಕೈಹಾಕಬೇಕೆಂದು ನಮ್ಮ ಬಿನ್ನಹ.